ಎಡಗಾಲಿಗೆ ಹೊಸ ಪಾಠ

ಲಾರಿ ಓಡಿಸುವ ಲೈಸೆನ್ಸ್ ಕೈಗೆ ಬಂದಿದೆ. ಆದರೆ ಎಲ್ಲ ಲಾರಿಗಳನ್ನೂ ಓಡಿಸುವಂತಿಲ್ಲ! ಅಮೆರಿಕದಲ್ಲಿ ಆಟೋಮ್ಯಾಟಿಕ್ ಲಾರಿಯಲ್ಲಿ ತರಬೇತಿ ಪಡೆದು ಅದರಲ್ಲೇ ಪರೀಕ್ಷೆ ಕೊಟ್ಟವರ ಪಾಡು ಇದು. ಅಂಥವರ ವಾಣಿಜ್ಯ ಲೈಸೆನ್ಸಿನ ಮೇಲೆ 'ಇ' ಎಂಬ ಅಕ್ಷರ ಬೀಳುತ್ತದೆ. ಕೈಯಿಂದ ಗೇರು ಬದಲಿಸುವ ಭಾರಿ ವಾಹನ ಇವರಿಗೆ ನಿಷಿದ್ಧ ಎಂದು ಅದರ ಅರ್ಥ. ಅದನ್ನು ತೆಗೆಸಬೇಕಾದರೆ ಗೇರಿನ ಲಾರಿಯಲ್ಲೇ ಮತ್ತೆ ಪರೀಕ್ಷೆಗೆ ಇಳಿಯಬೇಕು. ನಮ್ಮ 1988ರ ಮೋಟಾರು ವಾಹನ ಕಾಯ್ದೆಯೂ ಗೇರಿಲ್ಲದ ದ್ವಿಚಕ್ರಕ್ಕೂ ಗೇರಿರುವ ದ್ವಿಚಕ್ರಕ್ಕೂ ಬೇರೆ ಬೇರೆ ವರ್ಗ ಮಾಡಿರುವುದು ಕಾಲೇಜು ಹುಡುಗರಿಗೆ ಗೊತ್ತೇ ಇದೆ.

'ಕಾರಿನಲ್ಲಿ ಗೇರು ಹಾಕಿ ಅಭ್ಯಾಸವಿದೆ, ಲಾರಿಯೇನು ಮಹಾ' ಎಂಬ ಧೈರ್ಯವೂ ಇಲ್ಲಿ ಪೂರ್ತಿ ನಡೆಯದು. ಕಾರಿನ ಗೇರ್‌ಬಾಕ್ಸಿನಲ್ಲಿ ಹಲ್ಲುಚಕ್ರಗಳ ವೇಗ ಹೊಂದಿಸಿಕೊಡುವ ಉಂಗುರಗಳಿರುತ್ತವೆ. ಅಮೆರಿಕದ ಹತ್ತು ಗೇರಿನ ಭಾರಿ ಲಾರಿಗಳಲ್ಲಿ ಸಾಮಾನ್ಯವಾಗಿ ಅವು ಇರುವುದಿಲ್ಲ. ಆ ಕೆಲಸ ಚಾಲಕನದೇ.

ಹೇಗೆ? ಕ್ಲಚ್ ಒತ್ತಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಡಬೇಕು. ಮೇಲಿನ ಗೇರಿಗೆ ಹೋಗುವುದಾದರೆ ಎಂಜಿನ್ನಿನ ಸುತ್ತು ನಿಮಿಷಕ್ಕೆ ಸುಮಾರು 1,500ರಿಂದ 1,100ಕ್ಕೆ ಇಳಿಯುವವರೆಗೆ ಕಾಯಬೇಕು. ಕೆಳಗಿನ ಗೇರಿಗಾದರೆ ಆಕ್ಸಿಲರೇಟರ್ ತುಳಿದು ಸುತ್ತು ಏರಿಸಬೇಕು. ಆಮೇಲೆ ಮತ್ತೆ ಕ್ಲಚ್ ಒತ್ತಿ ಗೇರು ಹಾಕಬೇಕು. ಲೆಕ್ಕ ತಪ್ಪಿತೋ, ಕರ್ರನೆ ಹಲ್ಲು ಮಸೆಯುವ ಸದ್ದು! ಇದನ್ನು ಕಣ್ಣಿಗಿಂತ ಕಿವಿಯೇ ಬೇಗ ಕಲಿಯುತ್ತದೆ. ಇನ್ನೊಂದು ಮಾತು: ಕ್ಲಚ್ಚನ್ನು ತಳಮಟ್ಟ ತುಳಿಯುವುದು ಲಾರಿ ನಿಂತಿದ್ದಾಗ ಮಾತ್ರ. ತಳದಲ್ಲಿ 'ಕ್ಲಚ್ ಬ್ರೇಕ್' ಇರುತ್ತದೆ. ಓಡುವಾಗ ಅದನ್ನು ತಾಗಿಸಿದರೆ ಬೇಗ ಸವೆದುಹೋಗುತ್ತದೆ.

ನಿಜವಾದ ಅಪಾಯ ಇಳಿಜಾರಿನಲ್ಲಿ. ಕೆಳಗಿನ ಗೇರನ್ನು ಘಟ್ಟ ಇಳಿಯುವ ಮೊದಲೇ ಹಾಕಿಕೊಳ್ಳಬೇಕು. ವೇಗ ಏರಿದ ಮೇಲೆ ಹಾಕಹೋದರೆ ಗೇರು ಕೂರುವುದಿಲ್ಲ, ಲಾರಿ ನ್ಯೂಟ್ರಲ್‌ನಲ್ಲೇ ಉರುಳುತ್ತದೆ, ಎಂಜಿನ್ನಿನ ಹಿಡಿತ ತಪ್ಪುತ್ತದೆ. ಉಳಿಯುವುದು ಬ್ರೇಕು ಮಾತ್ರ. ಅದೂ ಕಾದು ಸೋಲಬಹುದು. ಆಟೋಮ್ಯಾಟಿಕ್‌ನಲ್ಲಿ ಪಳಗಿದವರಿಗೆ ಗೇರು 'ಕೂರದೇ ಇರಬಹುದು' ಎಂಬ ಅಳುಕೇ ಇರುವುದಿಲ್ಲ. ಆದ್ದರಿಂದ ಈ ಪಾಠವನ್ನು ಅವರು ಎರಡು ಸಲ ಕೇಳಿಸಿಕೊಂಡರೂ ನಷ್ಟವಿಲ್ಲ.

ಈಗ ಅಲ್ಲಿನ ದೊಡ್ಡ ಸಾರಿಗೆ ಸಂಸ್ಥೆಗಳ ಹೊಸ ಲಾರಿಗಳಲ್ಲಿ ಹೆಚ್ಚಿನವಕ್ಕೆ ಕ್ಲಚ್ ಪೆಡಲೇ ಇಲ್ಲವಲ್ಲ, ಈ ಕಷ್ಟ ಯಾಕೆ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಹಳೆಯ ಲಾರಿ ಇಟ್ಟುಕೊಂಡ ಸಣ್ಣ ಮಾಲೀಕರ ಬಳಿ ಕೆಲಸ ಕೇಳುವಾಗ ಆ 'ಇ' ಅಡ್ಡ ಬರುತ್ತದೆ. ಅಲ್ಲಿ 18 ತುಂಬಿದವರು ತಮ್ಮ ರಾಜ್ಯದೊಳಗೆ ಲಾರಿ ಓಡಿಸಬಹುದು. ಸಾಮಾನ್ಯವಾಗಿ ಗಡಿ ದಾಟಲು 21 ಆಗಬೇಕು. ಅಂದರೆ ಎಳೆಯರಿಗೆ ಸಿಗುವುದು ಊರ ಹತ್ತಿರದ ಕೆಲಸಗಳೇ. ಮಗನನ್ನೋ ಮಗಳನ್ನೋ ತರಬೇತಿಗೆ ಸೇರಿಸುವ ತಂದೆತಾಯಿ ಶುಲ್ಕ ಕೇಳುವ ಮೊದಲು, ಪರೀಕ್ಷೆ ಯಾವ ಲಾರಿಯಲ್ಲಿ ಎಂದು ಕೇಳುವುದು ಒಳ್ಳೆಯದು.

ಪಳಗಿದ ಚಾಲಕರು ಕ್ಲಚ್ ಮುಟ್ಟದೆಯೇ ಸುತ್ತಿನ ಅಂದಾಜಿನಲ್ಲಿ ಗೇರು ಜಾರಿಸುವುದುಂಟು. ನೋಡಲು ಚೆಂದ. ಪರೀಕ್ಷೆಯ ದಿನ ಮಾತ್ರ ಎರಡೆರಡು ಬಾರಿ ಕ್ಲಚ್ ತುಳಿದೇ ತೋರಿಸಬೇಕು.