ಗ್ಲುಟಮೇಟ್ ಗ್ರಾಹಕಗಳು ಮತ್ತು ಮನೋರೋಗ ಔಷಧಗಳು

ಗ್ಲುಟಮೇಟ್ ಮಿದುಳಿನ ಪ್ರಮುಖ ಉತ್ತೇಜಕ ನರವಾಹಕವಾಗಿದೆ. ಒಂದು ನರಕೋಶದಿಂದ ಬಿಡುಗಡೆಯಾಗುವ ಈ ರಾಸಾಯನಿಕವು ಮತ್ತೊಂದು ಕೋಶದ ಗ್ರಾಹಕಗಳಿಗೆ ಅಂಟಿಕೊಂಡು ಸಂದೇಶವನ್ನು ಮುಂದಕ್ಕೆ ಸಾಗಿಸುತ್ತದೆ. ಎನ್‌ಎಮ್‌ಡಿಎ, ಆಂಪಾ ಮೊದಲಾದ ಗ್ರಾಹಕಗಳು ಅಯಾನುಗಳಿಗೆ ದ್ವಾರದಂತೆ ತೆರೆದುಕೊಳ್ಳುತ್ತವೆ. ಮೆಟಬೊಟ್ರೋಪಿಕ್ ಗ್ರಾಹಕಗಳು ಕೋಶದೊಳಗಿನ ಕ್ರಿಯೆಗಳನ್ನು ನಿಧಾನವಾಗಿ ಬದಲಿಸುತ್ತವೆ. ಈ ವ್ಯವಸ್ಥೆಯು ಮಿದುಳಿನ ಎಲ್ಲೆಡೆ ಹರಡಿರುವುದೇ ಔಷಧ ತಯಾರಿಕೆಗೆ ದೊಡ್ಡ ತೊಡಕು. ಉತ್ತೇಜನ ಮಿತಿಮೀರಿದರೆ ಸೆಳವು ಮತ್ತು ನರಕೋಶಗಳ ನಾಶ ಸಂಭವಿಸುತ್ತದೆ. ತೀರಾ ತಗ್ಗಿದರೆ ಭ್ರಮೆ ಹಾಗೂ ಪ್ರಜ್ಞಾಹೀನತೆ ಉಂಟಾಗುತ್ತದೆ.

ಸ್ಕಿಜೋಫ್ರೇನಿಯಾ

1950ರ ದಶಕದಲ್ಲಿ ಅರಿವಳಿಕೆಗೆಂದು ರೂಪುಗೊಂಡ ಫೆನ್‌ಸೈಕ್ಲಿಡಿನ್ ಕೆಲವರಲ್ಲಿ ಸ್ಕಿಜೋಫ್ರೇನಿಯಾವನ್ನು ಹೋಲುವ ಲಕ್ಷಣಗಳನ್ನು ಉಂಟುಮಾಡಿತು. 1962ರಲ್ಲಿ ಸಂಶ್ಲೇಷಿಸಲಾದ ಕೆಟಮಿನ್ ಅದರ ಸೌಮ್ಯ ಬಂಧು. ಇವೆರಡೂ ಎನ್‌ಎಮ್‌ಡಿಎ ಗ್ರಾಹಕವನ್ನು ತಡೆಯುತ್ತವೆ ಎಂಬುದು 1980ರ ದಶಕದ ಆರಂಭದಲ್ಲಿ ತಿಳಿದುಬಂದಿತು. ಆ ಗ್ರಾಹಕದ ಕೊರತೆಯೇ ರೋಗದ ಮೂಲವಿರಬಹುದೆಂಬ ವಾದ ಅಲ್ಲಿಂದ ಬಲಗೊಂಡಿತು. ಡೋಪಮಿನ್ ತಡೆಯುವ ಹಳೆಯ ಔಷಧಗಳು ನಿರುತ್ಸಾಹ ಮತ್ತು ಅರಿವಿನ ಕುಂದುಗಳನ್ನು ಅಷ್ಟಾಗಿ ನೀಗಿಸದಿದ್ದುದರಿಂದ ಈ ವಾದದ ಮೇಲಿನ ನಿರೀಕ್ಷೆಯೂ ದೊಡ್ಡದಿತ್ತು.

ವಾದ ಸೊಗಸಾಗಿತ್ತು, ಫಲ ಅಷ್ಟಾಗಿ ದೊರೆಯಲಿಲ್ಲ. ಮೆಟಬೊಟ್ರೋಪಿಕ್ ಗ್ರಾಹಕಗಳ ಮೇಲೆ ವರ್ತಿಸುವ ಎಲಿ ಲಿಲ್ಲಿ ಸಂಸ್ಥೆಯ ಔಷಧವು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಭರವಸೆ ಮೂಡಿಸಿದರೂ ಮುಂದಿನ ಪ್ರಯೋಗಗಳಲ್ಲಿ ಸೋತು, 2012ರಲ್ಲಿ ಕೈಬಿಡಲ್ಪಟ್ಟಿತು. ಗ್ಲೈಸಿನ್ ಪ್ರಮಾಣವನ್ನು ಹೆಚ್ಚಿಸಿ ಎನ್‌ಎಮ್‌ಡಿಎ ಗ್ರಾಹಕಕ್ಕೆ ನೆರವಾಗಬೇಕಿದ್ದ ರೋಶ್ ಸಂಸ್ಥೆಯ ಬಿಟೊಪರ್ಟಿನ್ ಸಹ ಸ್ಕಿಜೋಫ್ರೇನಿಯಾದ ಅಂತಿಮ ಹಂತದ ಪ್ರಯೋಗಗಳಲ್ಲಿ ಗುರಿ ಮುಟ್ಟಲಿಲ್ಲ.

ಖಿನ್ನತೆ

ಯಶಸ್ಸು ದೊರೆತದ್ದು ಮತ್ತೊಂದು ರೋಗದಲ್ಲಿ, ಅದೂ ಹಳೆಯ ಔಷಧದಿಂದ. 2000ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಕೇವಲ ಏಳು ರೋಗಿಗಳಿಗೆ, ಅರಿವಳಿಕೆಗೆ ಸಾಲದಷ್ಟು ಕಡಿಮೆ ಪ್ರಮಾಣದ ಕೆಟಮಿನ್ ನೀಡಿ, ಮೂರು ದಿನಗಳೊಳಗೆ ಖಿನ್ನತೆ ಇಳಿಯುವುದನ್ನು ವರದಿ ಮಾಡಿದರು. ರೂಢಿಯ ಖಿನ್ನತೆನಿವಾರಕಗಳಿಗೆ ಸಾಮಾನ್ಯವಾಗಿ ವಾರಗಳೇ ಬೇಕು. ಕೆಟಮಿನ್‌ನ ಒಂದು ರೂಪವಾದ ಎಸ್‌ಕೆಟಮಿನ್ ಮೂಗಿನ ಸಿಂಪಡಣೆಗೆ ಅಮೆರಿಕವು 2019ರಲ್ಲಿ ಅನುಮತಿ ನೀಡಿತು. ರಕ್ತದೊತ್ತಡದ ಏರಿಕೆ, ದೇಹದಿಂದ ಬೇರ್ಪಟ್ಟಂತಹ ಅನುಭವ ಮತ್ತು ದುರ್ಬಳಕೆಯ ಸಾಧ್ಯತೆಗಳಿಂದಾಗಿ ಅಲ್ಲಿ ರೋಗಿಯನ್ನು ಚಿಕಿತ್ಸಾಲಯದಲ್ಲೇ ಕನಿಷ್ಠ ಎರಡು ಗಂಟೆ ಗಮನಿಸಬೇಕಾಗುತ್ತದೆ.

ಈ ಅಡ್ಡಪರಿಣಾಮಗಳಿಲ್ಲದೆ ಅದೇ ಫಲ ನೀಡಬೇಕೆಂದು ಬೆಳೆಸಲಾದ ರಾಪಾಸ್ಟಿನೆಲ್ 2019ರಲ್ಲಿ ವಿಫಲವಾಯಿತು. ಕೆಟಮಿನ್ ಗ್ಲುಟಮೇಟ್ ಮಾರ್ಗದಿಂದ ಮಾತ್ರ ಕೆಲಸ ಮಾಡುತ್ತದೆಯೇ ಎಂಬುದೂ ವಿವಾದಾಸ್ಪದ. ಅಫೀಮಿನ ಗ್ರಾಹಕಗಳನ್ನು ತಡೆಯುವ ನಾಲ್ಟ್ರೆಕ್ಸೋನ್ ಮೊದಲೇ ನೀಡಿದಾಗ ಅದರ ಖಿನ್ನತೆನಿವಾರಕ ಪರಿಣಾಮ ಕುಗ್ಗಿತೆಂದು 2018ರ ಒಂದು ಸಣ್ಣ ಅಧ್ಯಯನ ತೋರಿಸಿತು.