ಕಾಮದ ಚಟ: ಯಾವುದು ಕಾಯಿಲೆ, ಯಾವುದು ಬರೀ ಭಯ?

ಕಾಮಾಸಕ್ತಿ ಮನುಷ್ಯನಿಗೆ ಸಹಜ. ಆದರೆ ಕೆಲವರಲ್ಲಿ ಅದು ಹಿಡಿತ ತಪ್ಪುತ್ತದೆ. ನಿದ್ದೆಗೆಟ್ಟು ಮೊಬೈಲಿನಲ್ಲಿ ಅಶ್ಲೀಲ ವಿಡಿಯೊ ನೋಡುವುದು, ಕೆಲಸ ಬಿಟ್ಟು ಮತ್ತೆ ಮತ್ತೆ ಹಸ್ತಮೈಥುನ, ಹಣ ಕೊಟ್ಟು ಪರಸಂಗ. ಬಿಡಬೇಕೆಂದು ಎಷ್ಟು ಸಲ ನಿಶ್ಚಯಿಸಿದರೂ ಆಗುವುದಿಲ್ಲ. ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಅದರಲ್ಲಿ ಇದನ್ನೂ ಮಾನಸಿಕ ತೊಂದರೆಯೆಂದು ಸೇರಿಸಲಾಗಿದೆ.

ಲಕ್ಷಣಗಳು

* ಸಾಮಾನ್ಯವಾಗಿ 6 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಹಿಡಿತ ತಪ್ಪಿರುವುದು
* ಆರೋಗ್ಯ, ಮನೆ, ವ್ಯಾಪಾರ, ಓದು ಹಿಂದೆ ಬೀಳುವುದು
* ಹಾನಿಯಾಗುತ್ತಿದ್ದರೂ, ಸುಖವೇ ಸಿಗದಿದ್ದರೂ ಮುಂದುವರಿಸುವುದು

ಎಷ್ಟು ಸಲ ಎಂಬ ಲೆಕ್ಕ ಮುಖ್ಯವಲ್ಲ, ಬದುಕು ಕೆಡುತ್ತಿದೆಯೇ ಎಂಬುದು ಮುಖ್ಯ. ‘ಪಾಪ ಮಾಡಿದೆ’ ಎಂಬ ಅಳುಕು ಮಾತ್ರ ಇದ್ದರೆ ಅದನ್ನು ಈ ಕಾಯಿಲೆ ಎನ್ನಲಾಗದು ಎಂದೂ ಆ ಪಟ್ಟಿ ಹೇಳುತ್ತದೆ.

ಬ್ರಹ್ಮಚರ್ಯಾಣುವ್ರತದ ಐದು ಅತಿಚಾರಗಳಲ್ಲಿ ಕಾಮತೀವ್ರಾಭಿನಿವೇಶವೂ ಒಂದೆಂದು ತತ್ತ್ವಾರ್ಥಸೂತ್ರ ಎಣಿಸಿದೆ. ಶ್ರಾವಕರು ಇದನ್ನು ಬಲ್ಲರು. ಆದರೆ ವ್ರತಲೋಪ ಬೇರೆ, ಕಾಯಿಲೆ ಬೇರೆ. ಮೊದಲನೆಯದಕ್ಕೆ ಪ್ರಾಯಶ್ಚಿತ್ತವಿದೆ, ಎರಡನೆಯದಕ್ಕೆ ವೈದ್ಯರಿದ್ದಾರೆ. ಎರಡೂ ಬೇಕಾದವರು ಎರಡನ್ನೂ ಮಾಡಬಹುದು.

ಸುಳ್ಳು ಭಯ

ವೀರ್ಯ ಹೋದರೆ ಶಕ್ತಿಯೇ ಹೋಯಿತು ಎಂದು ಎಷ್ಟೋ ಯುವಕರು ಕೊರಗುತ್ತಾರೆ. ಮನೋವೈದ್ಯ ಡಾ. ಎನ್.ಎನ್. ವಿಗ್ 1960ರಲ್ಲಿಯೇ ಈ ಕೊರಗಿಗೆ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಹಸ್ತಮೈಥುನದಿಂದ ಕಣ್ಣು ಮಂಜಾಗುವುದಿಲ್ಲ, ಪುರುಷತ್ವ ಹೋಗುವುದಿಲ್ಲ. ಗೋಡೆಗಳ ಮೇಲಿನ ‘ಗುಪ್ತರೋಗ’ ಜಾಹೀರಾತುಗಳು ಈ ಭಯವನ್ನೇ ಬಂಡವಾಳ ಮಾಡಿಕೊಂಡಿವೆ. ಅಲ್ಲಿ ಹಣ ಸುರಿಯಬಾರದು.

ನಿಜವಾದ ಹಾನಿ

ನಿದ್ರೆಗೇಡು, ಖಿನ್ನತೆ, ದಾಂಪತ್ಯದಲ್ಲಿ ಬಿರುಕು, ಸಾಲ. ಅಸುರಕ್ಷಿತ ಪರಸಂಗದಿಂದ ಎಚ್‌ಐವಿ, ಸಿಫಿಲಿಸ್, ಗೊನೊರಿಯಾ, ಹೆಪಟೈಟಿಸ್ ಬಿ ತಗುಲಬಹುದು. ಮನೆಯಲ್ಲಿರುವ ಸಂಗಾತಿಗೂ ಹರಡಬಹುದು. ಅನುಮಾನವಿದ್ದವರು ಪರೀಕ್ಷೆ ಮುಂದೂಡಬಾರದು. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಫಲಿತಾಂಶ ಗೋಪ್ಯ.

ಪರಿಹಾರ

ಮೊದಲು ಮನೋವೈದ್ಯರನ್ನು ಕಾಣಬೇಕು. ಕೆಲವೊಮ್ಮೆ ಇದರ ಹಿಂದೆ ಬೇರೆ ಮಾನಸಿಕ ಕಾಯಿಲೆ ಇರುತ್ತದೆ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಕಾಮಾಸಕ್ತಿ ಅತಿಯಾಗಬಹುದು. ಮನೆಯ ಹಿರಿಯರಲ್ಲಿ ಇಂಥ ದಿಢೀರ್ ಬದಲಾವಣೆ ಕಂಡರೆ ಬೈಯುವ ಮೊದಲು ವೈದ್ಯರಿಗೆ ತಿಳಿಸಬೇಕು. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.

ಆಪ್ತಸಮಾಲೋಚನೆಯಲ್ಲಿ ಯಾವ ಹೊತ್ತು, ಯಾವ ಬೇಸರ ಆಸೆಯನ್ನು ಕೆರಳಿಸುತ್ತದೆ ಎಂದು ಗುರುತಿಸಿ, ಅದನ್ನು ದಾಟುವುದನ್ನು ಕಲಿಸುತ್ತಾರೆ. ಅಗತ್ಯವಿದ್ದರೆ ಔಷಧವನ್ನೂ ಕೊಡುತ್ತಾರೆ. ಮನೆಯಲ್ಲಿ ಪಾಲಿಸಬಹುದಾದ್ದೂ ಉಂಟು: ಮಲಗುವ ಕೋಣೆಯಿಂದ ಮೊಬೈಲ್ ಹೊರಗಿಡುವುದು, ಒಂಟಿಯಾಗಿ ಹೊತ್ತು ಕಳೆಯುವುದನ್ನು ಕಡಿಮೆ ಮಾಡುವುದು, ನಿತ್ಯ ವ್ಯಾಯಾಮ. ಮತ್ತೊಮ್ಮೆ ಜಾರಿದರೆ ಎಲ್ಲ ಮುಗಿಯಿತೆಂದು ಚಿಕಿತ್ಸೆ ಬಿಡಬಾರದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಮತ್ತು ಇಂಟರ್‌ನೆಟ್ ಗೀಳಿಗೆಂದೇ ‘ಶಟ್’ ಕ್ಲಿನಿಕ್ ಇದೆ. ದೂರದ ಊರಿನವರು 14416ಕ್ಕೆ ಕರೆ ಮಾಡಬಹುದು. ಇದು ಸರ್ಕಾರದ ಟೆಲಿ ಮನಸ್ ಸಹಾಯವಾಣಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು. ರೋಗಿಯ ವಿಷಯ ಗುಟ್ಟಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಊರಿಗೆ ತಿಳಿದೀತೆಂಬ ಅಂಜಿಕೆಯಿಂದ ಯಾರೂ ಚಿಕಿತ್ಸೆ ತಪ್ಪಿಸಿಕೊಳ್ಳಬೇಕಾಗಿಲ್ಲ.