ಬೇತಾಳನ ಕತೆ ಮುಗಿಯಬೇಕಿತ್ತೇ?

ಕಳೆದ ದಸರಾ ರಜೆಯಲ್ಲಿ ಗುಂಡ್ಲುಪೇಟೆಯ ನಮ್ಮ ಅಕ್ಕನ ಮನೆಯ ಜಗಲಿಯ ಮೇಲೆ ದೊಡ್ಡ ಜಗಳವಾಯಿತು. ಆಸ್ತಿಯ ಜಗಳವಲ್ಲ, ಕೋಡುಬಳೆಯ ಜಗಳವೂ ಅಲ್ಲ. ಹ್ಯಾರಿ ಪಾಟರ್ ಕತೆ ಚೆನ್ನಾಗಿ ಮುಗಿಯಿತೋ ಇಲ್ಲವೋ ಎಂಬ ಜಗಳ. ಒಂದು ಕಡೆ ಒಂಬತ್ತನೇ ತರಗತಿಯ ಅಕ್ಕನ ಮೊಮ್ಮಗಳು. ಇನ್ನೊಂದು ಕಡೆ ನನ್ನ ಜೊತೆ ಚಾಮರಾಜನಗರದಿಂದ ಬಂದಿದ್ದ, ಏಳನೇ ತರಗತಿಯ ನನ್ನ ಮೊಮ್ಮಗ.

ಆ ಕತೆಯ ಮೊದಲ ಪುಸ್ತಕ ಹೊರಬಂದದ್ದು 1997ರಲ್ಲಿ, ನಮ್ಮ ಚಾಮರಾಜನಗರ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾದ ವರ್ಷವೇ. ಏಳನೆಯದೂ ಕೊನೆಯದೂ ಆದ ಪುಸ್ತಕ ಬಂದದ್ದು 2007ರ ಜುಲೈನಲ್ಲಿ. ಅದರ ತೀರಾ ಕೊನೆಯಲ್ಲಿ ಹತ್ತೊಂಬತ್ತು ವರ್ಷಗಳ ನಂತರದ ಒಂದು ಚಿಕ್ಕ ಅಧ್ಯಾಯವಿದೆ. ಹ್ಯಾರಿ ಈಗ ಮಕ್ಕಳ ತಂದೆ. ಮಗನನ್ನು ಅದೇ ಮಾಯಾಶಾಲೆಯ ರೈಲಿಗೆ ಹತ್ತಿಸಲು ಬಂದಿದ್ದಾನೆ. ಈ ಅಧ್ಯಾಯ ಬೇಕಿತ್ತೇ ಬೇಡವೇ ಎಂದು ಪ್ರಪಂಚದ ನಾನಾ ಕಡೆ ಓದುಗರು ಇಂದಿಗೂ ವಾದಿಸುತ್ತಾರೆ.

"ದುಷ್ಟ ಸತ್ತ ಮೇಲೆ ಕತೆ ಮುಗೀತು. ಯಾರು ಯಾರನ್ನ ಮದುವೆಯಾದ್ರು, ಮಕ್ಕಳಿಗೆ ಏನು ಹೆಸರಿಟ್ರು ಅಂತ ಅವರೇ ಹೇಳಿಬಿಟ್ರೆ ನಾನು ಊಹಿಸಿಕೊಳ್ಳೋಕೆ ಏನು ಉಳೀತು?" ಎಂದಳು ಹುಡುಗಿ.

ಹುಡುಗ ಬಿಡಲಿಲ್ಲ. "ಅಪ್ಪ ಅಮ್ಮ ಇಲ್ಲದೆ, ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮಲಗ್ತಿದ್ದ ಹುಡುಗ ಅವನು. ಅವನಿಗೂ ಒಂದು ಮನೆ ಆಯ್ತು ಅಂತ ನೋಡದೆ ಪುಸ್ತಕ ಮುಚ್ಚೋಕಾಗುತ್ತಾ?"

ತೀರ್ಪಿಗೆ ಇಬ್ಬರೂ ನನ್ನ ಹತ್ತಿರ ಬಂದರು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಸಂಜೆ ಲೆಕ್ಕ ತಾಳೆಯಾಗದೆ ಮನೆಗೆ ಹೋದವನಲ್ಲ. "ಕತೆಯ ಲೆಕ್ಕವೂ ಕೊನೆಯ ಪೈಸೆಯವರೆಗೆ ತಾಳೆಯಾಗಬೇಕು" ಎಂದು ಹುಡುಗನ ಕಡೆಗೇ ಹೇಳಿದೆ. ಒಳಗಿನಿಂದ ಅಕ್ಕ ನಕ್ಕಳು. "ಇವನ ತೀರ್ಪು ನನಗೆ ಗೊತ್ತಿತ್ತು ಬಿಡಿ. ಬೇತಾಳನ ಕತೆಗೂ ಹೀಗೇ ಅಂತಿದ್ದ."

ಅಕ್ಕ ಹೇಳಿದ್ದು ನಿಜ. ನಮ್ಮಿಬ್ಬರದು ಅರವತ್ತು ವರ್ಷದ ಹಳೆಯ ಜಗಳ.

ನಾವು ಚಿಕ್ಕವರಿದ್ದಾಗ ತಿಂಗಳಿಗೊಮ್ಮೆ ಮದರಾಸಿನಿಂದ 'ಚಂದಮಾಮ' ಬರುತ್ತಿತ್ತು. ನಾಗಿರೆಡ್ಡಿ ಮತ್ತು ಚಕ್ರಪಾಣಿ ಅವರು 1947ರಲ್ಲಿ ತೆಲುಗು, ತಮಿಳಿನಲ್ಲಿ ಆರಂಭಿಸಿದ ಪತ್ರಿಕೆ ಅದು. ಕನ್ನಡದಲ್ಲಿ 1949ರಿಂದ ಬಂತು. ಅದರಲ್ಲಿನ ಧಾರಾವಾಹಿಗಳು ಕೆಲವು ತಿಂಗಳು ನಡೆದು ಮುಗಿಯುತ್ತಿದ್ದವು. ಮುಗಿಯದೆ ನಡೆದದ್ದು ಬೇತಾಳನ ಕತೆ ಒಂದೇ. ಒಂದು ಕೈಯಲ್ಲಿ ಹಿರಿದ ಕತ್ತಿ, ಹೆಗಲ ಮೇಲೆ ಶವ, ಸುತ್ತ ಸ್ಮಶಾನ. ವಿಕ್ರಮ ರಾಜನ ಆ ಚಿತ್ರವನ್ನು ಮರೆತ ಅಜ್ಜ ಅಜ್ಜಿಯರು ಯಾರಿದ್ದಾರೆ? ಅದಕ್ಕೆ ಹೆಸರಾದ ಕಲಾವಿದರು ಶಂಕರ್, ಅಂದರೆ ಕೆ.ಸಿ. ಶಿವಶಂಕರನ್. 1952ರಲ್ಲಿ ಚಂದಮಾಮ ಸೇರಿ ಕೊನೆಯವರೆಗೂ ಅದಕ್ಕೇ ಬರೆದರು. 2020ರಲ್ಲಿ ತೀರಿಕೊಂಡರು.

ಮಕ್ಕಳೇ, ನಿಮಗಾಗಿ ಕತೆಯ ಕಟ್ಟು ಹೇಳುತ್ತೇನೆ. ಒಬ್ಬ ಸನ್ಯಾಸಿಗೆ ಕೊಟ್ಟ ಮಾತಿಗಾಗಿ ರಾಜ ಮರದಲ್ಲಿ ನೇತಾಡುವ ಶವವನ್ನು ಇಳಿಸಿ ತರಬೇಕು. ದಾರಿಯಲ್ಲಿ ಮಾತಾಡಬಾರದು. ಆ ಶವದೊಳಗಿನ ಬೇತಾಳ ದಾರಿ ಸಾಗಲೆಂದು ಒಂದು ಕತೆ ಹೇಳಿ, ಕೊನೆಗೆ ಒಂದು ಪ್ರಶ್ನೆ ಕೇಳುತ್ತದೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿದು ಹೋಗುತ್ತದೆ. ಹೇಳಿದರೆ ಮೌನ ಮುರಿಯುತ್ತದೆ, ಬೇತಾಳ ಹಾರಿ ಮತ್ತೆ ಮರ ಸೇರುತ್ತದೆ. ರಾಜ ಸುಮ್ಮನೆ ಹಿಂತಿರುಗಿ ಮತ್ತೆ ಮರ ಹತ್ತುತ್ತಾನೆ.

ಅಕ್ಕನಿಗೆ 1964ರಲ್ಲಿ ಮದುವೆಯಾಗಿ ಗುಂಡ್ಲುಪೇಟೆಗೆ ಬಂದಳು. ಚಂದಮಾಮ ನಮ್ಮ ಮನೆಯಲ್ಲೇ ಉಳಿಯಿತು. ನಾನು ಹೈಸ್ಕೂಲು ಹುಡುಗ. ಪ್ರತಿ ತಿಂಗಳು ಒಂದು ಭಾನುವಾರ ಓದಿ ಮುಗಿಸಿದ ಸಂಚಿಕೆಯನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಿದ್ದೆ. ತೆರಕಣಾಂಬಿ ದಾಟಿ ಸುಮಾರು 35 ಕಿಲೋಮೀಟರು. ಅಕ್ಕ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದರೆ ನಾನು ಮಣೆಯ ಮೇಲೆ ಕೂತು ಬೇತಾಳನ ಕತೆ ಓದುತ್ತಿದ್ದೆ. ಪ್ರಶ್ನೆ ಬಂದ ಕೂಡಲೇ ಅಕ್ಕ "ನಿಲ್ಲಿಸು" ಎಂದು ತನ್ನ ಉತ್ತರ ಹೇಳುತ್ತಿದ್ದಳು. ಆಮೇಲೆ ರಾಜನ ಉತ್ತರ.

ಒಂದು ಸಲ ನನಗೆ ಬೇಸರ ಬಂತು. "ಈ ರಾಜ ಎಷ್ಟು ಸಲ ಮರ ಹತ್ತಬೇಕು? ಇದಕ್ಕೊಂದು ಕೊನೆ ಬೇಡವೇ?" ಎಂದೆ. "ಯಾಕೋ ಬೇಕು ಕೊನೆ? ಮುಗಿಯದೇ ಇರೋದೇ ಚೆಂದ" ಎಂದಳು ಅಕ್ಕ. ಜಗಳ ಶುರುವಾದದ್ದು ಅಂದು.

ಮುಂದೆ ಕಾಲೇಜಿಗೆಂದು ಮೈಸೂರಿಗೆ ಹೋದಾಗ ನನ್ನ ವಾದಕ್ಕೆ ಬಲ ಸಿಕ್ಕಿತು. ಹನ್ನೊಂದನೇ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಬರೆದ ಸಂಸ್ಕೃತದ 'ಕಥಾಸರಿತ್ಸಾಗರ'ದಲ್ಲಿ ಬೇತಾಳನ ಕತೆಗೆ ಸರಿಯಾದ ಕೊನೆಯೇ ಇದೆ. ಕೊನೆಯ ಕತೆಯಲ್ಲಿ ಒಬ್ಬ ತಂದೆ ಮಗಳನ್ನೂ, ಅವನ ಮಗ ಆ ಹುಡುಗಿಯ ತಾಯಿಯನ್ನೂ ಮದುವೆಯಾಗುತ್ತಾರೆ. ಇವರಿಗೆ ಹುಟ್ಟಿದ ಮಕ್ಕಳು ಒಬ್ಬರಿಗೊಬ್ಬರು ಏನಾಗಬೇಕು? ರಾಜನಿಗೆ ಉತ್ತರ ಹೊಳೆಯುವುದಿಲ್ಲ, ಸುಮ್ಮನೆ ನಡೆಯುತ್ತಾನೆ. ಮೆಚ್ಚಿದ ಬೇತಾಳ ನಿಜ ಬಿಚ್ಚಿಡುತ್ತದೆ: ಆ ಸನ್ಯಾಸಿ ಕಪಟಿ, ರಾಜನನ್ನೇ ಬಲಿ ಕೊಡಲು ಕಾದಿದ್ದಾನೆ. ಅವನು ಅಡ್ಡಬೀಳು ಎಂದಾಗ, ರಾಜನಾದ ನನಗೆ ಅಡ್ಡಬಿದ್ದು ಅಭ್ಯಾಸವಿಲ್ಲ, ನೀವೇ ತೋರಿಸಿಕೊಡಿ ಎನ್ನಬೇಕು. ರಾಜ ಹಾಗೇ ಮಾಡುತ್ತಾನೆ. ಸನ್ಯಾಸಿ ಬಗ್ಗಿದಾಗ ಅವನ ತಲೆ ಕತ್ತರಿಸುತ್ತಾನೆ. ಏನು ವರ ಬೇಕು ಎಂದು ಬೇತಾಳ ಕೇಳಿದರೆ ರಾಜ ಕೇಳಿದ್ದು ಒಂದೇ: ಈ ಕತೆಗಳು ಲೋಕದಲ್ಲಿ ಪ್ರಸಿದ್ಧವಾಗಲಿ.

ಇದನ್ನು ಹೇಳಿ "ನೋಡು, ಲೆಕ್ಕ ತಾಳೆಯಾಯಿತು" ಎಂದು ಬೀಗಿದ್ದೆ. ಚಂದಮಾಮದಲ್ಲಿ ಮಾತ್ರ ರಾಜ ಮರ ಹತ್ತುತ್ತಲೇ ಇದ್ದ. ಪತ್ರಿಕೆ 1998ರಲ್ಲಿ ನಿಂತಿತು, 1999ರ ಕೊನೆಗೆ ಮತ್ತೆ ಹೊರಟಿತು, 2013ರ ಹೊತ್ತಿಗೆ ನಿಂತೇ ಹೋಯಿತು. ಬೀಳ್ಕೊಡುಗೆಯ ಒಂದು ಮಾತೂ ಇಲ್ಲದೆ ಬೇತಾಳ ಮರದಲ್ಲೇ ಉಳಿಯಿತು. ಅದು ನನ್ನ ಮನಸ್ಸಿಗೆ ಇಂದಿಗೂ ಚುಚ್ಚುತ್ತದೆ.

ಕತೆ ಎಲ್ಲಿ ನಿಲ್ಲಬೇಕು ಎಂಬ ಜಗಳ ಕನ್ನಡಕ್ಕೆ ಹೊಸದಲ್ಲ. ಪಂಪ ತನ್ನ ಭಾರತವನ್ನು ಮುಗಿಸುವಾಗ ಅರ್ಜುನ ಸುಭದ್ರೆಯರಿಗೆ ಪಟ್ಟ ಕಟ್ಟಿಸಿದ. ಕುಮಾರವ್ಯಾಸ ಹದಿನೆಂಟು ಪರ್ವಗಳನ್ನು ಹೇಳದೆ ಹತ್ತನೆಯ ಗದಾಪರ್ವಕ್ಕೆ ನಿಲ್ಲಿಸಿದ. ಉಳಿದದ್ದೂ ಬೇಕೆನಿಸಿದ್ದರಿಂದಲೇ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಮುಂದಿನ ಪರ್ವಗಳನ್ನು ಬರೆದ. ಹಾಗೆಂದು ಕುಮಾರವ್ಯಾಸನನ್ನು ಯಾರೂ ಅರೆಬರೆ ಕವಿ ಎನ್ನಲಿಲ್ಲ. ಇನ್ನು ನಮ್ಮ ಸೀಮೆಯ ಮಲೆ ಮಾದೇಶ್ವರನ ಕಾವ್ಯವನ್ನೇ ನೋಡಿ. ಕಂಸಾಳೆಯವರು ಅದನ್ನು ಸಾಲು ಸಾಲಾಗಿ ಹಾಡುತ್ತಾರೆ. ಸಂಕಮ್ಮನ ಸಾಲು ಹಾಡಿಸಿದವರು ಅದನ್ನು ಕೇಳಿ ತೃಪ್ತರಾಗಿ ಏಳುತ್ತಾರೆ. ಪೂರಾ ಕಾವ್ಯ ಮುಗಿಯಲಿಲ್ಲವೆಂದು ಯಾರೂ ಕೊರಗುವುದಿಲ್ಲ.

ಇದನ್ನೆಲ್ಲ ಜಗಲಿಯಲ್ಲಿ ಮಕ್ಕಳಿಗೆ ಹೇಳಿದೆ. ಹುಡುಗಿ ಅಜ್ಜಿಯ ಪಕ್ಕ ಕೂತು ಕೇಳಿದಳು: "ಅಜ್ಜಿ, ಅಷ್ಟು ಒಳ್ಳೇ ಕೊನೆ ಇದ್ದರೂ ನಿಮಗೆ ಯಾಕೆ ಬೇಡವಾಗಿತ್ತು?"

ಅಕ್ಕನಿಗೆ ಈಗ ಎಂಬತ್ತು. ಕಣ್ಣು ಮಂಜಾಗಿದೆ, ಅಕ್ಷರ ಕಾಣುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು: "ಹತ್ತೊಂಬತ್ತು ವರ್ಷಕ್ಕೆ ಈ ಮನೆಗೆ ಬಂದೆ. ತವರಿನಿಂದ ತಿಂಗಳಿಗೊಂದು ಸಲ ಬರ್ತಿದ್ದೋನು ನೀನೊಬ್ಬನೇ. ಬೇತಾಳನ ಕತೆ ಮುಗಿದಿದ್ದರೆ ನೀನು ಯಾವ ನೆವ ಹೇಳಿಕೊಂಡು ಬರ್ತಿದ್ದೆಯೋ?"

ನನಗೆ ಮಾತು ಹೊರಡಲಿಲ್ಲ. ಅರವತ್ತು ವರ್ಷ ನಾನು ಕತೆಯ ಲೆಕ್ಕ ನೋಡಿದ್ದೆ. ಅಕ್ಕನ ಲೆಕ್ಕದಲ್ಲಿ ನಾನೇ ಇದ್ದೆ ಎಂದು ಗೊತ್ತೇ ಇರಲಿಲ್ಲ. ಮುಂದೆ ನೌಕರಿ, ವರ್ಗಾವಣೆ ಎಂದು ಊರೂರು ಅಲೆದಾಗ ಸಂಚಿಕೆಗಳನ್ನು ಅಂಚೆಯಲ್ಲಿ ಕಳಿಸಿ, ಕೆಲಸ ಮುಗಿಯಿತೆಂದುಕೊಂಡಿದ್ದೆ. ಅವಳಿಗೆ ಬೇಕಿದ್ದದ್ದು ಪುಸ್ತಕವಷ್ಟೇ ಆಗಿರಲಿಲ್ಲ.

ಹಾಗಾದರೆ ಮಕ್ಕಳ ಜಗಳದ ತೀರ್ಪೇನು? ನನಗೆ ತೋಚಿದ್ದು ಇಷ್ಟು. ಕತೆಯೊಂದು ಆರಂಭದಲ್ಲಿ ನಮ್ಮ ಹತ್ತಿರ ಒಂದು ಸಾಲ ಮಾಡಿಕೊಂಡಿರುತ್ತದೆ. ಮನೆಯಿಲ್ಲದ ಹುಡುಗನನ್ನು ತೋರಿಸಿದ ಕತೆ ಅವನ ಮನೆಯನ್ನೂ ತೋರಿಸಿದರೆ ತಪ್ಪಲ್ಲ; ಅದು ಸಾಲ ತೀರಿಸಿದಂತೆ. ಬೇತಾಳನ ಕತೆ ನಮಗೆ ಮಾತು ಕೊಟ್ಟದ್ದು ಪ್ರತಿ ಸಲ ಒಂದು ಪ್ರಶ್ನೆ. ಅದನ್ನು ಅದು ತಪ್ಪದೆ ಕೊಟ್ಟಿತು. ಉತ್ತರ ಹುಡುಕುತ್ತಾ ಇಬ್ಬರು ಒಟ್ಟಿಗೆ ಕೂತರೆ ಅದರ ಬಾಕಿಯೂ ತೀರಿದ ಹಾಗೆಯೇ. ಆದರೆ ನನ್ನ ತೀರ್ಪನ್ನು ಹುಡುಗಿ ಒಪ್ಪಿಲ್ಲ. ಒಪ್ಪಬೇಕೆಂದೂ ಇಲ್ಲ.

ಈಗ ಪ್ರತಿ ತಿಂಗಳ ಎರಡನೇ ಭಾನುವಾರ ನಾನೂ ಮೊಮ್ಮಗನೂ ಗುಂಡ್ಲುಪೇಟೆಯ ಬಸ್ಸು ಹತ್ತುತ್ತೇವೆ. ಚೀಲದಲ್ಲಿ ಬೈಂಡ್ ಮಾಡಿಸಿಟ್ಟ ಹಳೆಯ ಚಂದಮಾಮಗಳು. ಅಕ್ಕ ಕಣ್ಣು ಮುಚ್ಚಿ ಕೂತು ಕೇಳುತ್ತಾಳೆ, ಮಕ್ಕಳು ಸರದಿಯ ಮೇಲೆ ಓದುತ್ತಾರೆ. ಬೇತಾಳ ಪ್ರಶ್ನೆ ಕೇಳಿದ ಕೂಡಲೇ ಅಕ್ಕ ಈಗಲೂ "ನಿಲ್ಲಿಸು" ಎನ್ನುತ್ತಾಳೆ. ಆಮೇಲೆ ಅರ್ಧ ಗಂಟೆ ಜಗಳ.

ಮಕ್ಕಳೇ, ಈ ವಾರ ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ: ಅವರು ಚಿಕ್ಕಂದಿನಲ್ಲಿ ಓದಿದ, ಕೇಳಿದ ಯಾವ ಕತೆ ಬೇರೆ ಥರ ಮುಗಿಯಬೇಕಿತ್ತು? ಯಾವುದು ಮುಗಿಯಲೇಬಾರದಿತ್ತು? ಉತ್ತರ ಸಿಕ್ಕ ಮೇಲೆ "ಯಾಕೆ?" ಎಂದು ಇನ್ನೊಂದು ಸಲ ಕೇಳುವುದನ್ನು ಮರೆಯಬೇಡಿ. ನಾನು ಅದನ್ನು ಕೇಳಲು ಅರವತ್ತು ವರ್ಷ ಮರೆತಿದ್ದೆ.